ನಾವು ಕಂಡುಹಿಡಿದದ್ದು ಒಂದು, ಪೇಟೆಂಟ್ ಸಿಕ್ಕಿದ್ದು ಇನ್ನೊಂದಕ್ಕೆ

ನಮ್ಮ ಪೇಟೆಂಟಿನ ಮೊದಲ ಪುಟದಲ್ಲಿ ಮೂವರ ಹೆಸರಿದೆ. ಒಂದು ನನ್ನದು. ಅರ್ಜಿ ಹಾಕಿದಾಗ ನಾನು ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದೆ. ಪೇಟೆಂಟ್ ಕೈಗೆ ಬರುವ ಹೊತ್ತಿಗೆ ನನ್ನ ಹತ್ತಿರವೇ ಇಬ್ಬರು ಪಿಎಚ್‌ಡಿಗೆ ಸೇರಿದ್ದರು. ನಡುವೆ ಏನೇನಾಯಿತು ಅಂತ ಲ್ಯಾಬಿಗೆ ಹೊಸದಾಗಿ ಬಂದವರೆಲ್ಲ ಕೇಳುತ್ತಾರೆ. ಪ್ರತಿ ಸಲ ಅರ್ಧ ಹೇಳಿ ಎದ್ದು ಹೋಗುತ್ತೇನೆ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಮ್ಮ ಕೆಲಸ ಮೂತ್ರದ ಕ್ಯಾಥೆಟರ್ ಮೇಲೆ, ಅಂದರೆ ಮೂತ್ರ ಹೊರಗೆ ಹರಿಯಲು ಹಾಕುವ ಕೊಳವೆಯ ಮೇಲೆ. ಬಹಳ ದಿನ ಕ್ಯಾಥೆಟರ್ ಹಾಕಿಕೊಂಡಿರಬೇಕಾದವರಿಗೆ ಒಂದು ಕಾಟ ಇದೆ. ಪ್ರೋಟಿಯಸ್ ಮಿರಾಬಿಲಿಸ್ ಅನ್ನುವ ಬ್ಯಾಕ್ಟೀರಿಯಾ ಕೊಳವೆಯ ಒಳಗೆ ಅಂಟಿಕೊಂಡು ಬೆಳೆಯುತ್ತದೆ. ಅದು ಯೂರಿಯೇಸ್ ಎಂಬ ಕಿಣ್ವದಿಂದ ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಸಾಮಾನ್ಯವಾಗಿ 6ರ ಆಸುಪಾಸಿನಲ್ಲಿರುವ ಪಿಎಚ್ (ಆಮ್ಲ, ಕ್ಷಾರದ ಅಳತೆ) ಮೆಲ್ಲಗೆ ಏರಿ 8 ದಾಟುತ್ತದೆ. ಆಗ ಮೆಗ್ನೀಸಿಯಂ, ಕ್ಯಾಲ್ಸಿಯಂ ಫಾಸ್ಫೇಟ್‌ಗಳು ಹರಳುಗಟ್ಟುತ್ತವೆ, ಕೊಳವೆ ಕಟ್ಟಿಕೊಳ್ಳುತ್ತದೆ. ಮೂತ್ರ ಕಿಡ್ನಿಯ ಕಡೆಗೆ ಹಿಂದೆ ಒತ್ತುತ್ತದೆ. ಕಟ್ಟಿಕೊಂಡ ಮೇಲೆಯೇ ಗೊತ್ತಾಗುವುದು, ಅದೇ ತೊಂದರೆ.

ನಮ್ಮ ಉಪಾಯ ಸರಳವಾಗಿತ್ತು. ಕೊಳವೆಗೆ ಎರಡು ಪದರ ಲೇಪ. ಒಳಗಿನ ಪದರ ಬಣ್ಣ ತುಂಬಿದ ಜೆಲ್. ಅದರ ಮೇಲೆ ಪಿಎಚ್ 7 ದಾಟಿದರೆ ಕರಗುವ ಪಾಲಿಮರ್. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲಿ ಅಂತ ಕೆಲವು ಮಾತ್ರೆಗಳ ಮೇಲೆ ಹಚ್ಚುತ್ತಾರಲ್ಲ, ಆ ಜಾತಿಯದು. ಸೋಂಕು ಶುರುವಾದರೆ ಹೊರಪದರ ಕರಗುತ್ತದೆ, ಮೂತ್ರದ ಚೀಲದಲ್ಲಿ ಬಣ್ಣ ಕಾಣುತ್ತದೆ, ಕೊಳವೆ ಕಟ್ಟುವ ಮೊದಲೇ ಬದಲಾಯಿಸಬಹುದು. ಬೀಕರಿನಲ್ಲಿ ಮೊದಲ ಸಲ ಬಣ್ಣ ಬಂದ ದಿನ ನಾನು ಕುಣಿದಾಡಿದ್ದೆ. ಗೈಡ್ ಮೇಡಂ ಮಾತ್ರ ತಣ್ಣಗೆ, "ಪೇಪರ್ ಆಮೇಲೆ. ಮೊದಲು ಆ ಫಾರಂ ತುಂಬು," ಅಂದರು.

ಆ ಫಾರಂ ಅಂದರೆ ಇನ್ವೆನ್ಷನ್ ಡಿಸ್‌ಕ್ಲೋಷರ್. ವಿಶ್ವವಿದ್ಯಾಲಯದ ಟೆಕ್ನಾಲಜಿ ಟ್ರಾನ್ಸ್‌ಫರ್ ಆಫೀಸಿಗೆ, ಅಂದರೆ ಪೇಟೆಂಟ್ ಮಾಡಿಸಿ ಕಂಪನಿಗಳಿಗೆ ಕೊಡುವ ವಿಭಾಗಕ್ಕೆ, ಕೊಡುವುದು. ಏನು ಕಂಡುಹಿಡಿದಿರಿ, ಯಾರು ಯಾರು, ಯಾವಾಗ, ಯಾರ ದುಡ್ಡಿನಲ್ಲಿ ಅಂತೆಲ್ಲ ಕೇಳಿರುತ್ತಾರೆ. ನಾನು ಬಣ್ಣದ ಬಗ್ಗೆ ನಾಲ್ಕು ಪುಟ ಬರೆದೆ. ಆಫೀಸಿನವರು ಅದನ್ನು ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ: "ಇದನ್ನ ಇಲ್ಲಿವರೆಗೆ ಯಾರ ಯಾರ ಹತ್ತಿರ ಹೇಳಿದ್ದೀರಿ?"

ನಾನು ಬೆವೆತೆ. ಮೂರು ವಾರದ ಹಿಂದಷ್ಟೇ ಒಂದು ಸಮ್ಮೇಳನಕ್ಕೆ ಪೋಸ್ಟರಿನ ಸಾರಾಂಶ ಕಳಿಸಿದ್ದೆ.

ಅರ್ಜಿ ಹಾಕುವ ಮೊದಲು ವಿಷಯ ಬಹಿರಂಗವಾದರೆ ಅದು ಹೊಸದಲ್ಲ ಅನ್ನುವುದು ಪೇಟೆಂಟ್ ಕಾನೂನಿನ ಮೂಲ ನಿಯಮ. ಬಹಿರಂಗ ಮಾಡಿದ್ದು ನೀವೇ ಆಗಿದ್ದರೂ ಅಷ್ಟೇ. ಅಮೆರಿಕದಲ್ಲಿ ಒಂದು ವರ್ಷದ ವಿನಾಯಿತಿ ಇದೆ. ಯುರೋಪಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಲೈಬ್ರರಿಗೆ ಹೋದ ಥೀಸಿಸ್, ಹೊರಗಿನವರು ಕೂತಿದ್ದ ಸೆಮಿನಾರು, ಪೋಸ್ಟರ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಾನು ಸಮ್ಮೇಳನದ ದಿನವನ್ನೇ ಗಡುವು ಅಂದುಕೊಂಡಿದ್ದೆ. ಆದರೆ ಸಾರಾಂಶಗಳ ಪುಸ್ತಕ ಅದಕ್ಕಿಂತ ಹತ್ತು ದಿನ ಮೊದಲೇ ಆನ್‌ಲೈನಿಗೆ ಬರುವುದಿತ್ತು. ನಿಜವಾದ ಗಡುವು ಅದು. ಸಂಘಟಕರಿಗೆ ಪತ್ರ ಬರೆದು, ಎರಡು ಸಾಲು ತೆಗೆಸಿ, "ಹೊಸ ವಿಧಾನದಿಂದ ಲೇಪಿಸಲಾಯಿತು" ಅಂತ ಒಂದು ಸಪ್ಪೆ ಸಾಲು ಸೇರಿಸಿದೆವು. ಆ ಎರಡು ಸಾಲು ಅರ್ಜಿಗಿಂತ ಮೊದಲು ಹೊರಬಂದಿದ್ದರೆ ನಾನು ಈಗ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಇದರಲ್ಲಿ ನಾನೊಬ್ಬನೇ ದಡ್ಡ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಡಿಎನ್‌ಎ ತುಂಡುಗಳನ್ನು ಜೋಡಿಸಿ ಬ್ಯಾಕ್ಟೀರಿಯಾದೊಳಗೆ ಬೆಳೆಸುವ ವಿಧಾನವನ್ನು ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೋಹೆನ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್ 1973ರ ನವೆಂಬರಿನಲ್ಲಿ ಪ್ರಕಟಿಸಿದರು. ಪೇಟೆಂಟ್ ಯೋಚನೆ ಇಬ್ಬರಿಗೂ ಇರಲಿಲ್ಲ. ಸ್ಟ್ಯಾನ್‌ಫರ್ಡಿನ ಲೈಸೆನ್ಸಿಂಗ್ ಆಫೀಸಿನ ನೀಲ್ಸ್ ರೈಮರ್ಸ್ ಬೆನ್ನುಬಿದ್ದು, ಒಂದು ವರ್ಷದ ಅವಧಿ ಮುಗಿಯಲು ಒಂದೇ ವಾರ ಇರುವಾಗ ಅರ್ಜಿ ಹಾಕಿಸಿದರು. ಅಮೆರಿಕದ ಹಕ್ಕು ಉಳಿಯಿತು, ಬೇರೆ ದೇಶಗಳದ್ದು ಹೋಯಿತು. ಉಳಿದ ಅಷ್ಟರಿಂದಲೇ ಸುಮಾರು 25 ಕೋಟಿ ಡಾಲರ್ ಬಂತು.

ನಮ್ಮ ಕಥೆಗೆ ಬರುತ್ತೇನೆ. ಬಾಯಿ ಮುಚ್ಚಿಕೊಂಡಿದ್ದು ಆಯಿತು, ಇನ್ನು ಪ್ರಯರ್ ಆರ್ಟ್ ಹುಡುಕಾಟ. ಅಂದರೆ ಇದು ಈಗಾಗಲೇ ಎಲ್ಲಾದರೂ ಇದೆಯಾ ಅಂತ ನೋಡುವುದು. ಪೇಪರುಗಳನ್ನು ನಾನು ಓದಿದ್ದೆ. ಪೇಟೆಂಟುಗಳನ್ನು ಓದಿರಲಿಲ್ಲ. ಈ ತಪ್ಪನ್ನು ನಮ್ಮಲ್ಲಿ ಬಹುತೇಕ ಎಲ್ಲರೂ ಮಾಡುತ್ತಾರೆ. ಪೇಟೆಂಟಿನ ಭಾಷೆ ಓದುವುದಕ್ಕೆ ಹಿಂಸೆ ಅನ್ನುವುದು ನಿಜ. ಕೊಳವೆಗೆ "ಉದ್ದನೆಯ ಟೊಳ್ಳು ಅಂಗ" ಅಂತ ಬರೆದಿರುತ್ತಾರೆ. ನಿಮ್ಮ ಪದ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಏನೂ ಇಲ್ಲ ಅಂತ ಖುಷಿಪಡುತ್ತೀರಿ. ಪೇಟೆಂಟುಗಳಿಗೆ ವರ್ಗೀಕರಣದ ಸಂಕೇತಗಳಿರುತ್ತವೆ, ಅವನ್ನು ಹಿಡಿದು ಹುಡುಕಬೇಕು. ಆಫೀಸಿನವರು ಹಾಗೆ ಹುಡುಕಿ ಎರಡನೇ ದಿನ ಹನ್ನೊಂದು ದಾಖಲೆ ಕಳಿಸಿದರು. ಕ್ಯಾಥೆಟರ್, ಪಿಎಚ್ ಏರಿಕೆ, ಬಣ್ಣ, ಮುನ್ಸೂಚನೆ. ನಾನು ಕುಣಿದಾಡಿದ್ದ ಉಪಾಯ ಪೂರ್ತಿ ಅದರಲ್ಲಿತ್ತು.

ಒಂದು ವಾರ ಲ್ಯಾಬಿನ ಕಡೆ ತಲೆ ಹಾಕಲಿಲ್ಲ.

ವಾಪಸ್ ಬಂದಾಗ ಪೇಟೆಂಟ್ ವಕೀಲರ ಜೊತೆ ಮೀಟಿಂಗ್ ಇತ್ತು. ಅವರು ನಾಲ್ಕು ಪುಟದ ಬಣ್ಣದ ಕಥೆ ಬಿಟ್ಟು, ಕೊನೆಯ ಒಂದು ಸಾಲಿಗೆ ಬೆರಳಿಟ್ಟರು. "ಲೇಪ ಬಗ್ಗಿಸಿದರೂ ಎದ್ದು ಬರಲಿಲ್ಲ ಅಂತ ಬರೆದಿದ್ದೀರಿ. ಯಾಕೆ ಎದ್ದು ಬರಲಿಲ್ಲ?"

ಹೌದು, ಯಾಕೆ? ನಮ್ಮ ಕೊಳವೆ ಸಿಲಿಕೋನಿನದು. ಸಿಲಿಕೋನಿಗೆ ನೀರು ಆಗುವುದಿಲ್ಲ. ಅದರ ಮೇಲೆ ನೀರು ಹೀರುವ ಜೆಲ್ ಕೂರಿಸಿದರೆ ಸಿಪ್ಪೆಯ ಹಾಗೆ ಏಳುತ್ತದೆ. ಆಕ್ಸಿಜನ್ ಪ್ಲಾಸ್ಮಾ (ವಿದ್ಯುತ್ತಿನಿಂದ ಚುರುಕಾದ ಅನಿಲ) ಕೊಟ್ಟರೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೆ ಸಿಲಿಕೋನ್ ಕೆಲವೇ ದಿನದಲ್ಲಿ ತನ್ನ ಹಳೇ ಗುಣಕ್ಕೆ ಮರಳುತ್ತದೆ. ಇನ್ನು ಜೆಲ್ ಮತ್ತು ಹೊರಪದರದ ನಡುವಿನ ಜಗಳ ಬೇರೆ. ಒಂದು ಉಬ್ಬುತ್ತದೆ, ಇನ್ನೊಂದು ಉಬ್ಬುವುದಿಲ್ಲ, ಬಿರುಕು ಬಿಡುತ್ತದೆ. ಎಂಟು ತಿಂಗಳು ನಾವು ಇದರಲ್ಲೇ ಒದ್ದಾಡಿದ್ದೆವು. ಅದನ್ನು ಆವಿಷ್ಕಾರ ಅಂತ ಯಾರೂ ಅಂದುಕೊಂಡಿರಲಿಲ್ಲ. ನಮಗೆ ಅದು ಬರೀ ತಲೆನೋವು.

ತಲೆನೋವು ಹೋಗಿದ್ದು ಒಂದು ಮರೆವಿನಿಂದ. ನಮ್ಮಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಬಂದಿದ್ದ ಹುಡುಗಿಯೊಬ್ಬಳು, ಕೆಲವು ಸೆಕೆಂಡು ಅದ್ದಿ ತೆಗೆಯಬೇಕಾದ ತುಂಡುಗಳನ್ನು ದ್ರಾವಣದಲ್ಲೇ ಬಿಟ್ಟು ಮನೆಗೆ ಹೋಗಿದ್ದಳು. ಅವಳ ನೋಟ್‌ಬುಕ್ಕಿನಲ್ಲಿ ಹೀಗಿದೆ: "ಶುಕ್ರವಾರ ತೆಗೆಯಲು ಮರೆತೆ. ಸೋಮವಾರ ನೋಡಿದರೆ ಮಬ್ಬು ಮಬ್ಬು. ಬಗ್ಗಿಸಿದರೆ ಏಳಲಿಲ್ಲ. ಮತ್ತೆ ಬೇಕಂತಲೇ ಮಾಡಿ ನೋಡಬೇಕು." ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ಎರಡು ಪದರದ ನಡುವೆ ಗೆರೆಯೇ ಇರಲಿಲ್ಲ. ಹೊರಗಿನ ಪಾಲಿಮರ್ ಜೆಲ್ಲಿನೊಳಗೆ ನಿಧಾನಕ್ಕೆ ಇಳಿದು, ಒಂದರೊಳಗೊಂದು ಬೆರೆತ ಮೂರನೇ ಪದರ ಆಗಿತ್ತು. ಆಮೇಲೆ ದ್ರಾವಕದ ಪ್ರಮಾಣ ಬದಲಿಸಿ, ಮೂರು ದಿನದ ಕೆಲಸವನ್ನು ನಲವತ್ತು ನಿಮಿಷಕ್ಕೆ ಇಳಿಸಿದ್ದೆವು.

ವಕೀಲರು ಪೆನ್ನು ತೆಗೆದರು. ಪೇಟೆಂಟ್ ಸಿಗುವುದಾದರೆ ಅದಕ್ಕೇ ಸಿಗುತ್ತದೆ ಅಂದರು.

ಮುಂದಿನ ಎರಡು ತಿಂಗಳು ನಾನು ಪಿಎಚ್‌ಡಿಯ ಉಳಿದ ವರ್ಷಗಳಿಗಿಂತ ಜಾಸ್ತಿ ಕಲಿತೆ ಅನ್ನಿಸುತ್ತದೆ. ನಮ್ಮ ಹತ್ತಿರ ಒಂದೇ ದಪ್ಪ, ಒಂದೇ ಪಾಲು, ಒಂದೇ ಪಾಲಿಮರಿನ ಲೆಕ್ಕ ಇತ್ತು. ಪೇಪರಿಗೆ ಅಷ್ಟು ಸಾಕು. ವಕೀಲರಿಗೆ ಸಾಲದು. "ಇದಕ್ಕಿಂತ ತೆಳುವಾದರೆ? ಎಷ್ಟಕ್ಕೆ ಕೆಲಸ ನಿಲ್ಲುತ್ತದೆ? ಬೇರೆ ಪಾಲಿಮರ್ ಹಾಕಿದರೆ? ನಿಮ್ಮ ಪೇಟೆಂಟ್ ಓದಿ ಒಬ್ಬ ಬುದ್ಧಿವಂತ ಒಂದೇ ಒಂದು ಅಂಕಿ ಬದಲಿಸಿ ಪಾರಾಗಬೇಕು ಅಂದರೆ ಏನು ಮಾಡುತ್ತಾನೆ?" ಕ್ಲೇಮ್ ಅಂದರೆ ಪೇಟೆಂಟಿನಲ್ಲಿ ಇಷ್ಟು ನಮ್ಮದು ಅಂತ ಬರೆಯುವ ಸಾಲು, ಜಮೀನಿಗೆ ಹಾಕುವ ಬೇಲಿಯ ಹಾಗೆ. ಎಲ್ಲಿ ಕಂಬ ನೆಡಬೇಕು ಅಂತ ಗೊತ್ತಾಗಬೇಕಾದರೆ ಎಲ್ಲಿಗೆ ನಮ್ಮ ಜಮೀನು ಮುಗಿಯುತ್ತದೆ ಅಂತ ಗೊತ್ತಿರಬೇಕು. ಹಾಗಾಗಿ ಎರಡು ತಿಂಗಳು ನಾನು ಮಾಡಿದ್ದು ಕೆಡುವ ಲೇಪಗಳನ್ನು ಬೇಕಂತಲೇ ತಯಾರಿಸುವ ಕೆಲಸ. ಹೊಸಬರಿಗೆ ನಾನು ಕೊಡುವ ಸಲಹೆ ಇದೊಂದೇ: ಕೆಟ್ಟ ಪ್ರಯೋಗದ ಅಂಕಿಗಳನ್ನು ಎಸೆಯಬೇಡಿ.

ಹೆಸರು ಹಾಕುವ ವಿಷಯಕ್ಕೆ ಬಂದಾಗ ಮನಸ್ತಾಪ ಆಯಿತು. ನಮ್ಮ ಪೇಪರಿನಲ್ಲಿ ಆರು ಜನ ಲೇಖಕರು. ಪೇಟೆಂಟಿನಲ್ಲಿ ಮೂವರು: ಮೇಡಂ, ನಾನು, ಆ ಎಂಎಸ್ಸಿ ಹುಡುಗಿ. ಪೇಟೆಂಟಿನಲ್ಲಿ ಸೌಜನ್ಯಕ್ಕೆ ಹೆಸರು ಸೇರಿಸುವ ಹಾಗಿಲ್ಲ, ಬೇಜಾರಾಯಿತು ಅಂತ ಬಿಡುವ ಹಾಗೂ ಇಲ್ಲ. ಕ್ಲೇಮಿನಲ್ಲಿರುವ ಯೋಚನೆಗೆ ಪಾಲು ಕೊಟ್ಟವರಷ್ಟೇ ಆವಿಷ್ಕಾರಕರು. ಬ್ಯಾಕ್ಟೀರಿಯಾ ಪರೀಕ್ಷೆಗಳನ್ನೆಲ್ಲ ರಾತ್ರಿ ಹಗಲು ಮಾಡಿದ ಗೆಳೆಯನ ಹೆಸರು ಇಲ್ಲ, ಆರು ತಿಂಗಳಿಗೆ ಬಂದು ಹೋದ ಹುಡುಗಿಯ ಹೆಸರಿದೆ. ಅವನು ಬಹಳ ದಿನ ನನ್ನ ಜೊತೆ ಊಟಕ್ಕೆ ಬರಲಿಲ್ಲ. ನಿಯಮ ಸರಿ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಗೊತ್ತಿದ್ದರೆ ನೋವಾಗುವುದಿಲ್ಲ ಅಂತೇನಿಲ್ಲ.

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಔಷಧಿಯ ವಿಷಯದಲ್ಲಿ ಆದದ್ದು ಇದಕ್ಕಿಂತ ಕಹಿ. ಅಲ್ಲಿ ಪೇಟೆಂಟಿನಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಜೊತೆ ವಿದ್ಯಾರ್ಥಿ ಆಲ್ಬರ್ಟ್ ಷಾಟ್ಸ್ ಹೆಸರೂ ಇತ್ತು. ರಾಯಲ್ಟಿ ಮಾತ್ರ ಗುರುವಿಗೆ ಹೋಗುತ್ತಿದೆ ಅಂತ ಷಾಟ್ಸ್‌ಗೆ ಆಮೇಲೆ ಗೊತ್ತಾಯಿತು. 1950ರಲ್ಲಿ ಕೋರ್ಟಿಗೆ ಹೋದರು. ರಾಜಿಯಾಗಿ ಸಹ ಸಂಶೋಧಕ ಅಂತ ಒಪ್ಪಿಗೆ ಸಿಕ್ಕಿತು, ರಾಯಲ್ಟಿಯಲ್ಲಿ ಶೇಕಡಾ 3ರ ಪಾಲೂ ಸಿಕ್ಕಿತು. 1952ರ ನೊಬೆಲ್ ಮಾತ್ರ ವ್ಯಾಕ್ಸ್‌ಮನ್ ಒಬ್ಬರಿಗೇ. ಇದನ್ನು ಓದಿದ ಮೇಲೆ ನಾವು ಮೂವರೂ ಯಾರು ಯಾವ ಕ್ಲೇಮಿಗೆ ಏನು ಕೊಟ್ಟರು ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದೆವು.

ಆ ಗೆಳೆಯ ಇನ್ನೊಂದು ಮಾತೂ ಕೇಳಿದ್ದ. "ರೋಗಿಗಳಿಗೆ ಬೇಕಾದ ವಸ್ತು. ಇದಕ್ಕೂ ಬೇಲಿ ಹಾಕಬೇಕಾ? ರಾಂಟ್‌ಗೆನ್ ಎಕ್ಸ್-ರೇಗೆ ಪೇಟೆಂಟ್ ತಗೊಳ್ಳಲಿಲ್ಲ." ನನ್ನ ಉತ್ತರ ಇನ್ಸುಲಿನ್. 1923ರಲ್ಲಿ ಅದನ್ನು ತಯಾರಿಸಿದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಪೇಟೆಂಟ್ ಬರೆದುಕೊಟ್ಟರು. ಬೇರೆ ಯಾರೋ ಹಿಡಿದುಕೊಂಡು ಉಳಿದವರನ್ನು ತಡೆಯದಿರಲಿ ಅನ್ನುವುದು ಅವರ ಉದ್ದೇಶ. ಬೇಲಿ ಹಾಕಿದವರು ಗೇಟನ್ನೂ ಇಡಬಹುದು. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಹಾಗೇ ಇಡುತ್ತವೆ ಅಂತ ಹೇಳುವಷ್ಟು ಮುಗ್ಧ ನಾನಲ್ಲ. ಈ ವಾದ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ.

ಅರ್ಜಿ ಹಾಕಿದ್ದು ಸಾರಾಂಶದ ಪುಸ್ತಕ ಬರುವ ನಾಲ್ಕು ದಿನ ಮೊದಲು. ಮೊದಲ ಅರ್ಜಿಯ ದಿನದಿಂದ 12 ತಿಂಗಳೊಳಗೆ ಬೇರೆ ದೇಶಗಳಿಗೂ ಅದೇ ತಾರೀಕಿನ ಹಕ್ಕು ಕೇಳಬಹುದು. ಹಲವು ದೇಶಗಳಿಗೆ ಒಟ್ಟಿಗೆ ಅರ್ಜಿ ಹಾಕಲು ಇರುವ ಪಿಸಿಟಿ ಒಪ್ಪಂದದ ಅರ್ಜಿ ಹಾಕಿದರೆ ಯಾವ ಯಾವ ದೇಶ ಅಂತ ತೀರ್ಮಾನಿಸಲು 30 ತಿಂಗಳವರೆಗೆ ಸಮಯ ಸಿಗುತ್ತದೆ. 18 ತಿಂಗಳಿಗೆ ಅರ್ಜಿ ಲೋಕಕ್ಕೆಲ್ಲ ಕಾಣುತ್ತದೆ. ಅದೊಂದು ವಿಚಿತ್ರ ದಿನ. ಪೇಟೆಂಟ್ ಇನ್ನೂ ಸಿಕ್ಕಿಲ್ಲ, ಗುಟ್ಟು ಮಾತ್ರ ಹೋಯಿತು.

ಪೇಟೆಂಟ್ ಆಫೀಸಿನ ಎಗ್ಸಾಮಿನರ್ ಮೊದಲ ಪತ್ರದಲ್ಲಿ ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ಕ್ಲೇಮ್ ತಿರಸ್ಕರಿಸಿದ್ದರು. ನನಗೆ ಎದೆ ಒಡೆಯಿತು. ವಕೀಲರು ನಕ್ಕರು, ಮೊದಲ ಪತ್ರ ಯಾವಾಗಲೂ ಹೀಗೇ ಅಂತೆ. ತಕರಾರು ಏನೆಂದರೆ, ಒಂದು ದಾಖಲೆಯಲ್ಲಿ ಬಣ್ಣದ ಲೇಪ ಇದೆ, ಇನ್ನೊಂದರಲ್ಲಿ ಬೆರೆತ ಪಾಲಿಮರ್ ಇದೆ, ಎರಡನ್ನೂ ಸೇರಿಸುವುದು ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುತ್ತದೆ. ಆಗ ನಮ್ಮನ್ನು ಕಾಪಾಡಿದ್ದು ಆ ಎರಡು ತಿಂಗಳ ಕೆಟ್ಟ ಲೇಪಗಳು. ಬರೀ ಬೆರೆಸಿದರೆ ಸಾಲದು, ಹೊರಗಿನ ಪಾಲಿಮರ್ ಜೆಲ್ಲಿನೊಳಗೆ ಒಂದು ಮಿತಿಗಿಂತ ಕಡಿಮೆ ಇಳಿದರೆ ಲೇಪ ಏಳುತ್ತದೆ, ಜಾಸ್ತಿ ಇಳಿದರೆ ಹೊರಪದರ ಕರಗುವುದೇ ಇಲ್ಲ. ನಡುವಿನ ಆ ಕಿರಿದಾದ ಜಾಗ ಯಾರೂ ಊಹಿಸುವಂಥದ್ದಲ್ಲ ಅಂತ ತೋರಿಸಿದೆವು. ಎರಡನೇ ಉತ್ತರಕ್ಕೆ ಒಪ್ಪಿದರು. ಕ್ಲೇಮುಗಳು ಒಂಬತ್ತಕ್ಕೆ ಇಳಿದವು. ಮೊದಲ ಕ್ಲೇಮಿನಲ್ಲಿ "ಬಣ್ಣ" ಅನ್ನುವ ಪದವೇ ಉಳಿಯಲಿಲ್ಲ.

ಪೇಟೆಂಟಿನ ಒಡೆತನ ವಿಶ್ವವಿದ್ಯಾಲಯದ್ದು. ನಾವು ಬರೆದುಕೊಟ್ಟಿದ್ದೇವೆ. ದುಡ್ಡು ಬಂದರೆ ನೀತಿಯ ಪ್ರಕಾರ ನಮಗೊಂದು ಪಾಲು. ಒಂದು ಕಂಪನಿ ಬಂತು, ಒಂದು ವರ್ಷದ ಮಟ್ಟಿಗೆ ಹಕ್ಕು ಕಾದಿರಿಸಿಕೊಂಡಿತು. ಅವರ ಎಂಜಿನಿಯರ್ ಮೊದಲ ವಾರವೇ ಕೇಳಿದ ಪ್ರಶ್ನೆ ನಮ್ಮ ಯಾರ ತಲೆಗೂ ಬಂದಿರಲಿಲ್ಲ: "ಸ್ಟೆರಿಲೈಸ್ ಹೇಗೆ ಮಾಡ್ತೀರಿ?" ಕ್ರಿಮಿ ಕೊಲ್ಲುವ ಎಥಿಲೀನ್ ಆಕ್ಸೈಡ್ ಅನಿಲಕ್ಕೆ ತೇವಾಂಶ ಬೇಕು, ತೇವಾಂಶಕ್ಕೆ ನಮ್ಮ ಜೆಲ್ ಉಬ್ಬಿತು. ಗಾಮಾ ಕಿರಣ ಕೊಟ್ಟರೆ ಬಣ್ಣ ಮಾಸಿತು. ವರ್ಷ ಮುಗಿಯಿತು, ಅವರು ಹೋದರು. ಆಮೇಲೆ ನವೀಕರಣದ ಶುಲ್ಕ ಜಾಸ್ತಿಯಾಯಿತು ಅಂತ ವಿಶ್ವವಿದ್ಯಾಲಯ ಎರಡು ದೇಶದ ಪೇಟೆಂಟ್ ಬಿಟ್ಟುಬಿಟ್ಟಿತು. ನನ್ನನ್ನು ಕೇಳಿದರು, ಕೇಳಿದ್ದಷ್ಟೇ.

ಹೋದ ತಿಂಗಳು ಇನ್ನೊಬ್ಬರು ಬಂದಿದ್ದರು. ಶಸ್ತ್ರಚಿಕಿತ್ಸೆಯ ನಂತರ ಹಾಕುವ ಡ್ರೈನ್ ಕೊಳವೆ ಮಾಡುವವರು. ಅವರಿಗೂ ಸಿಲಿಕೋನ್ ಮೇಲೆ ಲೇಪ ನಿಲ್ಲುತ್ತಿಲ್ಲವಂತೆ. ನಾನು ಅಭ್ಯಾಸಬಲದಿಂದ ಬೀಕರಿನ ವಿಡಿಯೊ ಹಾಕಿದೆ, ಬಣ್ಣ ಬರುವುದನ್ನು ತೋರಿಸಲು. ಅರ್ಧದಲ್ಲೇ ಕೈ ಎತ್ತಿ, "ಬಣ್ಣ ನಮಗೆ ಬೇಡ ಸರ್. ಆ ನಡುವಿನ ಪದರದ ಹತ್ತು ಸ್ಯಾಂಪಲ್ ಕೊಡ್ತೀರಾ?" ಅಂದರು. ಗಾಮಾ ಕೊಟ್ಟ ಐದು, ಕೊಡದ ಐದು, ನಿನ್ನೆ ಪ್ಯಾಕ್ ಮಾಡಿಟ್ಟಿದ್ದೇನೆ. ಡಬ್ಬಿಯ ಮೇಲಿನ ಚೀಟಿಯಲ್ಲಿ, ನೋಟ್‌ಬುಕ್ಕಿನ ಪುಟ ಸಂಖ್ಯೆಯ ಪಕ್ಕ, ಆ ಹುಡುಗಿಯ ಹೆಸರನ್ನೂ ಬರೆದಿದ್ದೇನೆ.