ಅಟ್ಟದಿಂದ ಇಳಿದದ್ದು ಎಂಥದ್ದು? ತೊಳೆಯುವ ಮೊದಲು ಓದಿ

ಹಳೆ ಮನೆ ಕೆಡವಲು ಶುರು ಮಾಡಿದರೆ ಸಾಕು, ನನಗೊಂದು ಫೋನ್ ಬರುತ್ತದೆ. ‘ಅಟ್ಟದಲ್ಲಿ ಎಂಥದ್ದೋ ಸಿಕ್ಕಿದೆ ಮಾರಾಯ್ರೆ, ಒಮ್ಮೆ ಬಂದು ನೋಡಿ.’ ನಾನು ಬಸ್ಸು ಹತ್ತಿ ಉಡುಪಿ ಹತ್ತಿರದ ಕಟಪಾಡಿಗೋ ಬ್ರಹ್ಮಾವರಕ್ಕೋ ತಲುಪುವಷ್ಟರಲ್ಲಿ ಆ ವಸ್ತು ಹುಣಸೆಹುಳಿಯಲ್ಲಿ ಮಿಂದು, ತೆಂಗಿನ ನಾರಿನಲ್ಲಿ ಉಜ್ಜಿಸಿಕೊಂಡು, ಜಗಲಿಯಲ್ಲಿ ಮದುಮಗನ ಹಾಗೆ ಹೊಳೆಯುತ್ತಾ ಕೂತಿರುತ್ತದೆ. ಅದು ಏನೆಂದು ಹೇಳಬಹುದಾಗಿದ್ದ ಗುರುತೆಲ್ಲ ಬಚ್ಚಲಿಗೆ ಹರಿದು ಹೋಗಿರುತ್ತದೆ.

ಹಾಗಾಗಿ ಮೊದಲ ಕೆಲಸ, ತೊಳೆಯದೇ ಇರುವುದು. ಒಣಬಟ್ಟೆ ಅಥವಾ ಮೆತ್ತಗಿನ ಬ್ರಷ್‌ನಿಂದ ಇಲ್ಲಣ ತೆಗೆಯಿರಿ, ಸಾಕು. ಹುಣಸೆಹುಳಿ ಬೇಡ, ಸ್ಯಾಂಡ್‌ಪೇಪರ್ ಬೇಡ. ಹಿತ್ತಾಳೆಗೆಂದು ಬಾಟ್ಲಿಯಲ್ಲಿ ಸಿಗುವ ಪಾಲಿಶ್ ಅಂತೂ ಬೇಡವೇ ಬೇಡ. ಅದು ಕೆತ್ತಿದ ಅಕ್ಷರಗಳ ಸಂದಿಯಲ್ಲಿ ಬಿಳಿ ಹಿಟ್ಟಿನ ಹಾಗೆ ಕೂತುಬಿಡುತ್ತದೆ. ಒಬ್ಬರು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ತಾಮ್ರದ ಪಾತ್ರೆಯ ಒಳಗಿನ ಕಲಾಯಿಯನ್ನೇ ಕಿತ್ತು ಹಾಕಿದ್ದರು. ಕಲಾಯಿ ಇದ್ದಿದ್ದರೆ ಅದರಲ್ಲಿ ಅಡುಗೆ ಮಾಡುತ್ತಿದ್ದರು, ಹುಳಿ ಪದಾರ್ಥ ಇಡುತ್ತಿದ್ದರು ಎಂದು ತಿಳಿಯುತ್ತಿತ್ತು. ಈಗ ಅದು ನೀರು ಕಾಸುವ ಪಾತ್ರೆಯೋ ಸಾರಿನ ಪಾತ್ರೆಯೋ ಹೇಳುವವರು ಯಾರು?

ನೋಡುವುದು ಹಗಲು ಬೆಳಕಿನಲ್ಲಿ, ಅಂಗಳದಲ್ಲಿ. ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ನೋಡದ ಹಾಗೆಯೇ.

ಲೋಹ ಯಾವುದೆಂದು ತಿಳಿಯಲು ಒಂದು ನಿಮಿಷ ಸಾಕು. ಅಯಸ್ಕಾಂತ ಹಿಡಿದರೆ ಕಬ್ಬಿಣ ಅಂಟಿಕೊಳ್ಳುತ್ತದೆ. ಬೆರಳಿನ ಗಂಟಿನಿಂದ ತಟ್ಟಿದರೆ ಕಂಚು ಗಂಟೆಯ ಹಾಗೆ ಉದ್ದಕ್ಕೆ ಗುಂಯ್ ಎನ್ನುತ್ತದೆ, ಹಿತ್ತಾಳೆ ಬೇಗ ಸುಮ್ಮನಾಗುತ್ತದೆ.

ಮುಂದಿನದು ಅಳತೆ ಮತ್ತು ತೂಕ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಗಲ 27 ಮಿಲಿಮೀಟರ್, ನೋಡಿದವರಿಗೆ ಗಾತ್ರ ಗೊತ್ತಾಗುತ್ತದೆ. ಬರೀ ವಸ್ತುವಿನ ಫೋಟೊ ಕಳಿಸಿ ‘ಇದು ಎಂತ?’ ಎಂದು ಕೇಳಿದರೆ ನನಗೆ ಅದು ಉಗುರಿನಷ್ಟು ದೊಡ್ಡದೋ ಒನಕೆಯಷ್ಟೋ ತಿಳಿಯುವುದಿಲ್ಲ. ಲೋಹದ ಗುಂಡು, ಬಿಲ್ಲೆ ಏನಾದರೂ ಸಿಕ್ಕಿದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಡಿ. 453 ಗ್ರಾಂ ಆಸುಪಾಸು ಬಂದರೆ ಅದು ರಾತಲಿನ (ಪೌಂಡಿನ) ತೂಕದ ಕಲ್ಲು. ಹನ್ನೊಂದೂ ಮುಕ್ಕಾಲು ಗ್ರಾಂ ಹತ್ತಿರ ಬಂದರೆ ತೊಲ. ಸವೆದದ್ದು ಸ್ವಲ್ಪ ಕಮ್ಮಿ ತೂಗುತ್ತದೆ. ಮರದ ದೊಡ್ಡ ಅಳತೆಪಾತ್ರೆ ಸಿಕ್ಕಿದರೆ ಸೇರಿನಲ್ಲಿ ಅಕ್ಕಿ ಹಾಕುತ್ತಾ ಎಣಿಸಿ. 14 ಸೇರಿಗೆ ತುಂಬಿತೋ, ಅದು ಕಳಸೆ. ಅಂಥ ಮೂರು ಕಳಸೆ ಸೇರಿದರೆ 42 ಸೇರಿನ ಒಂದು ಮುಡಿ. ನೀರು ಹಾಕಿ ಅಳೆಯಬೇಡಿ, ಒಣಗಿದ ಮರ ಬಾತು ಬಿರಿಯುತ್ತದೆ. ಈ ಅಳತೆಗಳು ಕಾಲವನ್ನೂ ಹೇಳುತ್ತವೆ. 1960ರ ದಶಕದ ಶುರುವಿಗೆ ಕಿಲೊ, ಲೀಟರು ಕಡ್ಡಾಯವಾದವು. ಸೇರು, ರಾತಲು ಎಂದು ಮುದ್ರೆ ಇದ್ದರೆ ಅದಕ್ಕಿಂತ ಹಿಂದಿನದು. ಮದ್ರಾಸಿನ ಮುದ್ರೆ ಕಂಡರೆ ಆಶ್ಚರ್ಯಪಡಬೇಡಿ, 1956ರವರೆಗೆ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಇದ್ದದ್ದು ಮದ್ರಾಸಿನ ಕೈಕೆಳಗೇ ಅಲ್ವಾ.

ಇನ್ನು ಎಲ್ಲರೂ ಎಡವುವ ಜಾಗ. ಜನ ಆಕಾರ ನೋಡುತ್ತಾರೆ. ಆಕಾರ ಮೋಸ ಮಾಡುತ್ತದೆ, ಉದ್ದಕ್ಕಿರುವ ಮರದ ಕೋಲು ನೂರು ಕೆಲಸಕ್ಕೆ ಬರುತ್ತದೆ. ನೋಡಬೇಕಾದದ್ದು ಸವೆತ. ಕೈ ಹಿಡಿದ ಜಾಗ, ಕೆಲಸ ಮಾಡಿದ ಜಾಗ, ನೆಲದ ಮೇಲೆ ಕೂತ ಜಾಗ, ಈ ಮೂರನ್ನೂ ಬೇರೆ ಬೇರೆ ಹುಡುಕಿ.

ಕೈ ಹಿಡಿದ ಜಾಗ ಕಪ್ಪಾಗಿ, ನುಣ್ಣಗೆ, ಬೆವರು ಎಣ್ಣೆ ಕುಡಿದು ಮಿರುಗುತ್ತದೆ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತಡವಿ. ಹೆಬ್ಬೆರಳು ತಾನಾಗಿ ಒಂದು ತಗ್ಗಿನಲ್ಲಿ ಕೂರುತ್ತದೆ. ಹಾಗೆ ಕೂತಲ್ಲಿಂದ ವಸ್ತುವನ್ನು ಹಿಡಿದು ನೋಡಿ, ತುದಿ ಯಾವ ಕಡೆ ತಿರುಗುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇದೆ. ಕೆಲಸ ಮಾಡಿದ ಜಾಗ ತೆಳ್ಳಗಾಗಿರುತ್ತದೆ ಇಲ್ಲವೇ ದುಂಡಗಾಗಿರುತ್ತದೆ. ಕಲ್ಲಿಗೆ, ಕಬ್ಬಿಣಕ್ಕೆ ಬಡಿದಿದ್ದರೆ ಚಕ್ಕೆ ಎದ್ದಿರುತ್ತದೆ, ಮೆತ್ತಗಿನದಕ್ಕೆ ತಾಗಿದ್ದರೆ ಬರೀ ನುಣುಪು. ಅಡಿಯಲ್ಲಿ ಸುತ್ತಲೂ ಗೀರು ಇದ್ದರೆ ಅದನ್ನು ತಿರುಗಿಸುತ್ತಿದ್ದರು, ನೇರ ಗೀರು ಇದ್ದರೆ ಎಳೆದಾಡುತ್ತಿದ್ದರು.

ಸವೆತ ಹಗ್ಗದಿಂದಲೂ ಆಗುತ್ತದೆ, ಅದಕ್ಕೊಂದು ಉದಾಹರಣೆ. ಕಡೆಗೋಲಿನ ಕೆಳಗಿನ ಹೂವು ಮುರಿದು ಹೋಗಿದ್ದರೆ ಉಳಿಯುವುದು ಬರೀ ಕೋಲು. ಸೌದೆಗೆ ಹಾಕುತ್ತಾರೆ. ಆದರೆ ಅದರ ನಡುವೆ ಉಂಗುರ ಕೊರೆದ ಹಾಗೆ ಹಗ್ಗ ತಿಂದ ಗೆರೆ ಇರುತ್ತದೆ, ಒಳಗೆ ಕನ್ನಡಿಯಷ್ಟು ನುಣುಪು. ಉಡುಪಿಯ ಕೃಷ್ಣನೇ ಕೈಯಲ್ಲಿ ಕಡೆಗೋಲು ಹಿಡಿದು ನಿಂತಿರುವ ಊರಿನಲ್ಲಿ ಕಡೆಗೋಲು ಒಲೆಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಸಿಯ ವಿಷಯದಲ್ಲಿ ತುಂಬಾ ಜನ ತಪ್ಪುತ್ತಾರೆ. ಕಪ್ಪಾಗಿದೆ, ಹಾಗಾದರೆ ಒಲೆಯ ಮೇಲೆ ಇಡುತ್ತಿದ್ದರು ಎಂದುಕೊಳ್ಳುತ್ತಾರೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇದ್ದದ್ದೆಲ್ಲ ಕಪ್ಪಾಗುತ್ತದೆ. ಅಟ್ಟದ ಹೊಗೆ ಜಿಡ್ಡುಜಿಡ್ಡಾಗಿ ಎಲ್ಲಾ ಕಡೆ ಹರಡಿರುತ್ತದೆ. ಒಲೆಯ ಮಸಿ ತಳದಲ್ಲಿ ಮಾತ್ರ ಗಟ್ಟಿ ಹೆಕ್ಕಳಿಕೆ ಕಟ್ಟಿರುತ್ತದೆ. ಸಣ್ಣ ಡಬ್ಬಿಯ ಒಳಗೆ ಬಿಳಿ ಪುಡಿ ಕಂಡರೆ ಚೂರು ಕೆರೆದು ತಟ್ಟೆಗೆ ಹಾಕಿ ಒಂದು ತೊಟ್ಟು ನಿಂಬೆರಸ ಬಿಡಿ. ನೊರೆ ಎದ್ದರೆ ಅದು ಎಲೆಯಡಿಕೆಯ ಸುಣ್ಣದ ಡಬ್ಬಿ ಇರಬೇಕು.

ಕಾರ್ಕಳದ ಕಡೆಯ ಒಂದು ಮನೆಯಲ್ಲಿ ಸಿಕ್ಕಿದ್ದು ಎಲುಬು. ಗೋಣಿಯಲ್ಲಿ ಸುತ್ತಿ ಅಟ್ಟದ ಮೂಲೆಗೆ ಸೇರಿಸಿದ್ದು. ಯಾರೋ ಮಾಟ ಮಾಡಿಸಿದ್ದು ಎಂದು ಒಬ್ಬರು, ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ ಎಂದು ಇನ್ನೊಬ್ಬರು. ಹೆದರಿ ಯಾರೂ ಮುಟ್ಟಿರಲಿಲ್ಲ, ಹಾಗಾಗಿ ತೊಳೆದೂ ಇರಲಿಲ್ಲ. ನನ್ನ ಪುಣ್ಯ! ಒಂದು ತುದಿ ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು, ಅದು ಹಿಡಿ. ಅಲ್ಲೇ ಒಂದು ತೂತು, ತೂತಿನಲ್ಲಿ ಹುರಿಯ ಎರಡು ಎಳೆ. ಅಂದರೆ ಕಟ್ಟಿಕೊಂಡು ಓಡಾಡುತ್ತಿದ್ದರು. ಇನ್ನೊಂದು ತುದಿಯ ಒಂದೇ ಮಗ್ಗುಲು ಚಪ್ಪಟೆಯಾಗಿ ನುಣ್ಣಗಾಗಿತ್ತು, ಒಂದು ಚಕ್ಕೆಯೂ ಎದ್ದಿರಲಿಲ್ಲ. ಎಂಥದ್ದೋ ಮೆತ್ತಗಿನದಕ್ಕೆ ವರ್ಷಗಟ್ಟಲೆ ಮೆಲ್ಲಗೆ ಬಡಿದ ಗುರುತು. ಕಳ್ಳು ಇಳಿಯಲಿ ಎಂದು ತೆಂಗಿನ ಹೊಂಬಾಳೆಯನ್ನು ಬಡಿಯುವ ಎಲುಬು ಅದು. ಹೇಳಿದ ಕೂಡಲೇ ಮನೆಯ ಅಜ್ಜನಿಗೆ ನೆನಪಾಯಿತು. ‘ಹೌದಲ್ಲ, ಮೂರ್ತೆಗೆ, ಕಳ್ಳು ಇಳಿಸಲಿಕ್ಕೆ ಬರುತ್ತಿದ್ದವರು ಮಳೆಗಾಲದಲ್ಲಿ ಸಾಮಾನು ಇಲ್ಲೇ ಇಟ್ಟು ಹೋಗ್ತಿದ್ರು!’

ಹಿರಿಯರನ್ನು ಕೇಳುವುದಕ್ಕೂ ಒಂದು ಕ್ರಮ ಇದೆ. ‘ಅಜ್ಜಿ, ಇದು ಶ್ಯಾವಿಗೆ ಒತ್ತುವುದಾ?’ ಎಂದು ನೀವೇ ಹೇಳಿಕೊಟ್ಟರೆ ‘ಹೌದು ಮಗಾ’ ಎಂದುಬಿಡುತ್ತಾರೆ, ಬೇಸರ ಮಾಡುವುದು ಯಾಕೆಂದು. ಮಾತಾಡದೆ ವಸ್ತುವನ್ನು ಅವರ ಕೈಗೆ ಕೊಡಿ. ಹೆಸರು ಮರೆತವರ ಕೈಗೂ ಹಿಡಿಯುವ ಕ್ರಮ ನೆನಪಿರುತ್ತದೆ. ಆಮೇಲೆ ಹೆಸರನ್ನು ಅವರ ಮನೆಮಾತಿನಲ್ಲೇ ಕೇಳಿ. ತುಳುವಿನಲ್ಲಿ ಒಂದು, ಕುಂದಾಪುರದ ಕನ್ನಡದಲ್ಲಿ ಒಂದು, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಮತ್ತೊಂದು ಇರುತ್ತದೆ.

ಮೊಬೈಲ್ ಆ್ಯಪ್ ನಂಬಬೇಡಿ. ಏಳೇಳು ಗುಳಿಯ ಎರಡು ಸಾಲಿನ ಚೆನ್ನೆಮಣೆಯ ಫೋಟೊ ಕೊಟ್ಟರೆ ನನ್ನ ಫೋನು ಮೊಟ್ಟೆ ಇಡುವ ಟ್ರೇ ಎಂದಿತು. ಅದರ ಬದಲು ಇಂಥ ಹಳೆ ಸಾಮಾನು ನೋಡಲು ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಒಮ್ಮೆ ಹೋಗಿ, ಇಲ್ಲವೇ ಮಂಗಳೂರು ಹತ್ತಿರದ ಪಿಲಿಕುಳದ ಗುತ್ತಿನ ಮನೆಗೆ. ಹೆಸರು ಸಿಕ್ಕಿ ಅರ್ಥ ಸಿಗದಿದ್ದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟಗಳ ತುಳು ನಿಘಂಟು ಇದೆ.

ಗುಜರಿಯವರು ಕಿಲೊ ಲೆಕ್ಕದಲ್ಲಿ ಕೇಳಿದರೆ ಗುರುತು ಹಿಡಿಯುವ ತನಕ ಕೊಡಬೇಡಿ. ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆ ಇದ್ದರೆ ದುಬೈಯ ಭಾವ ಸೂಟ್‌ಕೇಸಿಗೆ ಹಾಕಿಕೊಂಡು ಹೋಗುವಂತಿಲ್ಲ, 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ದಂತ, ಜಿಂಕೆ ಕೊಂಬಿನ ಹಿಡಿ ಇದ್ದರೆ ಮಾರುವ ಮಾತೇ ಬೇಡ. ಅದಕ್ಕೆ ಅದೇ ವರ್ಷದ ವನ್ಯಜೀವಿ ಕಾಯ್ದೆ ಇದೆ.

ಕೊನೆಗೆ ಚೀಟಿ. ಹೆಸರು, ಯಾವ ಮನೆ, ಯಾರು ಹೇಳಿದ್ದು, ಇಷ್ಟನ್ನು ದಪ್ಪ ಕಾಗದದ ಮೇಲೆ ಪೆನ್ಸಿಲ್‌ನಲ್ಲೇ ಬರೆದು ನೂಲಿನಿಂದ ಕಟ್ಟಿ. ಸ್ಟಿಕ್ಕರ್ ಅಂಟಿಸಿದರೆ ನಮ್ಮ ಮೊದಲ ಮಳೆಗೇ ಬೂಷ್ಟು ಹಿಡಿದು ಉದುರುತ್ತದೆ. ಪೆನ್ನಿನ ಶಾಯಿಯೂ ಮಳೆಗಾಲದ ಆಟಿ ತಿಂಗಳು ಕಳೆಯುವುದರೊಳಗೆ ಹರಡಿ ಹೋಗಿರುತ್ತದೆ.