ರಕ್ತ ಕಡಿಮೆ ಇದೆ ಸರಿ, ಹೋಗಿದ್ದೆಲ್ಲಿಗೆ?

"ವಯಸ್ಸಾಯ್ತಲ್ಲ ಡಾಕ್ಟ್ರೇ, ರಕ್ತ ಕಮ್ಮಿ ಆಗೋದು ಸಹಜ. ಒಂದು ಟಾನಿಕ್ ಬರೆದುಕೊಡಿ." ಒಪಿಡಿಯಲ್ಲಿ ಈ ಮಾತು ಆಗಾಗ ಕೇಳುತ್ತೇನೆ. ನಾನು ಒಪ್ಪುವುದಿಲ್ಲ. ಬರೀ ವಯಸ್ಸಿಗೆ ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ಖಾಲಿಯಾಗುವುದಿಲ್ಲ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಅದು ಕಡಿಮೆಯಾಗಿದ್ದರೆ ಹೊಟ್ಟೆಯಲ್ಲೋ ಕರುಳಲ್ಲೋ ರಕ್ತ ಸೋರುತ್ತಿದೆಯಾ ಎಂದು ನೋಡಲೇಬೇಕು.

ಮೊದಲು ಫೆರಿಟಿನ್ ಮಾಡಿಸುತ್ತೇನೆ, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತಿಳಿಸುವ ರಕ್ತ ಪರೀಕ್ಷೆ ಅದು. 15ಕ್ಕಿಂತ (ng/mL) ಕೆಳಗಿದ್ದರೆ ಕಬ್ಬಿಣದ ಕೊರತೆ ಎಂಬುದರಲ್ಲಿ ಅನುಮಾನವೇ ಇಲ್ಲ. ಆದರೆ ಸಂಧಿವಾತ, ಕಿಡ್ನಿ ತೊಂದರೆ ಇರುವವರಲ್ಲಿ ಫೆರಿಟಿನ್ ಸುಮ್ನೆ ಏರಿರುತ್ತದೆ. 60-70 ಬಂದರೂ ಕೊರತೆ ಇರಬಹುದು. ಆಗ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂಬುದನ್ನೂ ನೋಡುತ್ತೇನೆ.

ಆಮೇಲೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಲು ಹೇಳುತ್ತೇನೆ. ಬಾಯಲ್ಲಿ ಕೇಳಿದರೆ ಬಿಪಿ, ಶುಗರ್ ಮಾತ್ರೆಗಳಷ್ಟೇ ಹೇಳುತ್ತಾರೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಜೊತೆಗೆ ಹೃದಯಕ್ಕೆಂದು ಆಸ್ಪಿರಿನ್ ಇದ್ದರೆ ಹೊಟ್ಟೆಯಲ್ಲಿ ಹುಣ್ಣಾಗಿ, ನೋವೇ ಇಲ್ಲದೆ ರಕ್ತ ಹೋಗುತ್ತಿರಬಹುದು. ಬರಿಗಾಲಲ್ಲಿ ತೋಟ, ಗದ್ದೆ ಕೆಲಸ ಮಾಡಿದವರಿಗೆ ಕಾಲಿನ ಚರ್ಮದಿಂದ ಒಳಹೊಕ್ಕು ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳುವಿನ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಹುಳು ಸಿಕ್ಕರೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಕೊಡುತ್ತೇನೆ, ಹುಡುಕಾಟ ಮಾತ್ರ ನಿಲ್ಲಿಸುವುದಿಲ್ಲ.

ಯಾಕೆಂದರೆ ಮೊದಲು ಸಿಕ್ಕ ಕಾರಣವೇ ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಎಪ್ಪತ್ತರ ಹತ್ತಿರದ ಒಬ್ಬ ರೈತರಿಗೆ ಮೂಲವ್ಯಾಧಿ ಇತ್ತು. ಮನೆಯವರೆಲ್ಲ ಅದನ್ನೇ ದೂರುತ್ತಿದ್ದರು. ಬಾಯಿಂದ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಜಠರದಲ್ಲಿ ಸಣ್ಣ ಗಾಯಗಳೂ ಕಂಡವು. "ಕಾರಣ ಸಿಕ್ತಲ್ಲ ಸರ್, ಕೊಲೊನೋಸ್ಕೋಪಿ ಯಾಕೆ?" ಎಂದರು ಮಗ. ದೊಡ್ಡ ಕರುಳನ್ನು ಒಳಗಿನಿಂದ ಕ್ಯಾಮೆರಾದಲ್ಲಿ ನೋಡುವ ಪರೀಕ್ಷೆ ಅದು. ಅಷ್ಟು ಸಣ್ಣ ಗಾಯಕ್ಕೆ ಹಿಮೋಗ್ಲೋಬಿನ್ ಅಷ್ಟು ಇಳಿಯುವುದು ನನಗೆ ಒಪ್ಪಿಗೆಯಾಗಲಿಲ್ಲ, ಪಟ್ಟು ಹಿಡಿದೆ. ದೊಡ್ಡ ಕರುಳು ಶುರುವಾಗುವ ಜಾಗದಲ್ಲೇ ಗೆಡ್ಡೆ ಇತ್ತು, ಕ್ಯಾನ್ಸರ್. ಬಲಭಾಗದ ಕರುಳು ಅಗಲ, ಅಲ್ಲಿ ಮಲ ಇನ್ನೂ ನೀರಾಗಿರುತ್ತದೆ. ಹಾಗಾಗಿ ಗೆಡ್ಡೆ ಇದ್ದರೂ ಕರುಳು ಬೇಗ ಕಟ್ಟಿಕೊಳ್ಳುವುದಿಲ್ಲ, ರಕ್ತವೂ ಕಣ್ಣಿಗೆ ಕಾಣುವುದಿಲ್ಲ. ಅವರಿಗಿದ್ದದ್ದು ಸುಸ್ತು ಮಾತ್ರ. ಹರಡುವ ಮೊದಲೇ ಆಪರೇಷನ್ ಆಯಿತು.

ಎಲ್ಲರಿಗೂ ಕೊಲೊನೋಸ್ಕೋಪಿ ಬೇಕೆಂದಲ್ಲ. ಹಾಸಿಗೆ ಹಿಡಿದ ಅಜ್ಜಿಗೆ ಹೊಟ್ಟೆ ಖಾಲಿ ಮಾಡಿಸುವ ಔಷಧಿಯೇ ಜಾಸ್ತಿ ಹಿಂಸೆ. ಗೆಡ್ಡೆ ಸಿಕ್ಕರೂ ಆಪರೇಷನ್ ಮಾಡಿಸುವ ಸ್ಥಿತಿ ಇದೆಯಾ ಎಂದು ಅವರ ಜೊತೆ, ಮನೆಯವರ ಜೊತೆ ಕೂತು ಮಾತಾಡುತ್ತೇನೆ. ಬೇಡವೆಂದರೆ ಕಬ್ಬಿಣದ ಮಾತ್ರೆಯಲ್ಲೇ ಸಾಗಿಸುತ್ತೇವೆ.

ಉಳಿದವರಿಗೂ ಕಬ್ಬಿಣದ ಮಾತ್ರೆ ಪರೀಕ್ಷೆಗಳ ಜೊತೆಜೊತೆಗೇ ಶುರು, ಕೊಲೊನೋಸ್ಕೋಪಿಗೆ 7 ದಿನ ಮುಂಚೆ ಮಾತ್ರ ನಿಲ್ಲಿಸಬೇಕು. ಹಿಮೋಗ್ಲೋಬಿನ್ ಸರಿಯಾದ ಮೇಲೂ 3 ತಿಂಗಳು ಮುಂದುವರಿಸುತ್ತೇನೆ. ಬಿಟ್ಟ ಮೇಲೆ ಮತ್ತೆ ಇಳಿದರೆ, ಸಣ್ಣ ಕರುಳನ್ನು ಕ್ಯಾಪ್ಸೂಲ್ ಎಂಡೋಸ್ಕೋಪಿಯಲ್ಲಿ (ಮಾತ್ರೆಯಂತೆ ನುಂಗುವ ಕ್ಯಾಮೆರಾ) ನೋಡಲು ಕಳಿಸುತ್ತೇನೆ.