ಟೂಲ್‌ಪಾತ್‌ಗೂ ಮೊದಲು ಕ್ಲ್ಯಾಂಪ್ ನೋಡಿ: ಕ್ಯಾಮ್ ಜೊತೆ ನನ್ನ ಅನುಭವ

ಕ್ಯಾಮ್ ಅಂದರೆ ಕಂಪ್ಯೂಟರ್‌ನಲ್ಲಿರುವ ಮಾಡೆಲ್‌ನಿಂದ ಸಿಎನ್‌ಸಿ ಮಷೀನಿಗೆ (ಪ್ರೋಗ್ರಾಂ ಹೇಳಿದಂತೆ ಕತ್ತರಿಸುವ ಮಷೀನ್) ಪ್ರೋಗ್ರಾಂ ಮಾಡಿಕೊಡುವ ಸಾಫ್ಟ್‌ವೇರ್. ಅದನ್ನು ಕಲಿಯಲು ಶುರು ಮಾಡಿದಾಗ ನಾನು ಮಾಡೆಲ್ ತೆರೆದ ತಕ್ಷಣ ಪಾಕೆಟ್ (ಒಳಗೆ ಕೊರೆಯಬೇಕಾದ ಗುಂಡಿ) ಎಲ್ಲಿದೆ, ಹೊರಗಿನ ಅಂಚು ಎಲ್ಲಿದೆ ಅಂತ ಹುಡುಕಿ ಸೀದಾ ಟೂಲ್‌ಪಾತ್, ಅಂದರೆ ಟೂಲ್ ಓಡುವ ದಾರಿ, ಹಾಕುತ್ತಿದ್ದೆ. ಸ್ಕ್ರೀನ್ ಮೇಲೆ ನೀಲಿ ಗೆರೆಗಳು ಮೂಡಿದರೆ ಅರ್ಧ ಕೆಲಸ ಆಯಿತು ಅನ್ನಿಸುತ್ತಿತ್ತು. ಈಗ ಮೌಸ್ ಮುಟ್ಟುವ ಮೊದಲು ಮಷೀನ್ ಹತ್ತಿರ ಹೋಗಿ ನಿಲ್ಲುತ್ತೇನೆ. ಜಾಬ್, ಅಂದರೆ ಕತ್ತರಿಸಬೇಕಾದ ತುಂಡು, ಎಲ್ಲಿ ಕೂರುತ್ತದೆ? ಅದನ್ನು ಯಾವುದು ಹಿಡಿಯುತ್ತದೆ? ಟೂಲ್ ಯಾವ ಕಡೆಯಿಂದ ಬರಬೇಕು, ಅಳತೆ ಶುರುವಾಗುವ ಝೀರೋ ಬಿಂದು ಎಲ್ಲಿ ಮುಟ್ಟಿಸಬೇಕು? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಕಂಪ್ಯೂಟರ್ ಮುಂದೆ ಕೂರುತ್ತೇನೆ.

ಈ ಅಭ್ಯಾಸ ಸುಮ್ನೆ ಬರಲಿಲ್ಲ. 12 ಎಂಎಂ ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಒಂದನ್ನು ಟೇಬಲ್ ಮೇಲೆ ಕ್ಲ್ಯಾಂಪ್ ಹಾಕಿ ಬಿಗಿದಿದ್ದೆ. ಒಂದು ಪಾಕೆಟ್ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಟೂಲ್ ಮೇಲಕ್ಕೆ ಏಳುವ ಎತ್ತರವನ್ನು ಪ್ಲೇಟಿನ ಮೇಲ್ಮೈಯಿಂದ 5 ಎಂಎಂ ಅಂತ ಕೊಟ್ಟಿದ್ದೆ. ಸಿಮ್ಯುಲೇಶನ್‌ನಲ್ಲಿ ಎಲ್ಲವೂ ಸರಿಯಾಗಿ ಓಡಿತು. ಯಾಕೆಂದರೆ ಸಿಮ್ಯುಲೇಶನ್‌ನಲ್ಲಿ ಕ್ಲ್ಯಾಂಪೇ ಇರಲಿಲ್ಲ. ನಿಜವಾದ ಟೇಬಲ್ ಮೇಲೆ ಕ್ಲ್ಯಾಂಪಿನ ಬೋಲ್ಟು ಪ್ಲೇಟಿಗಿಂತ 20 ಎಂಎಂ ಎತ್ತರಕ್ಕೆ ನಿಂತಿತ್ತು, ರ‍್ಯಾಪಿಡ್ (ಕತ್ತರಿಸದೆ ಗಾಳಿಯಲ್ಲಿ ಓಡುವಾಗಿನ) ವೇಗದಲ್ಲಿ ಬಂದ 6 ಎಂಎಂ ಕಾರ್ಬೈಡ್ ಎಂಡ್ ಮಿಲ್ (ಕತ್ತರಿಸುವ ಟೂಲ್) ಅದಕ್ಕೆ ಬಡಿದು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಡಾಯಿತು. ಆವತ್ತಿನಿಂದ ಕ್ಲ್ಯಾಂಪ್, ವೈಸ್ (ಎರಡು ದವಡೆಯ ನಡುವೆ ಜಾಬ್ ಹಿಡಿಯುವ ಸಾಧನ) ಎಲ್ಲವನ್ನೂ ಮಾಡೆಲ್‌ನಲ್ಲಿ ಇಡುತ್ತೇನೆ. ಚೆಂದದ ಮಾಡೆಲ್ ಬೇಕಿಲ್ಲ, ಅಳತೆ ಸರಿ ಇರುವ ಒಂದು ಡಬ್ಬಿ ಸಾಕು. ಹಾಗೆಯೇ ಟೂಲ್ ಏಳುವ ಎತ್ತರವನ್ನು ಅತಿ ಎತ್ತರದ ಬೋಲ್ಟಿಗಿಂತ 10 ಎಂಎಂ ಮೇಲೆ ಇಡುತ್ತೇನೆ. ಗಾಳಿಯಲ್ಲಿ ಓಡುವ ಕೆಲವು ಸೆಕೆಂಡ್ ಜಾಸ್ತಿ ಆಗುತ್ತದೆ, ಆಗಲಿ.

ಝೀರೋ ವಿಷಯಕ್ಕೆ ಬರುತ್ತೇನೆ. ಮಿಲ್ಲಿಂಗ್ ಮಷೀನ್‌ನಲ್ಲಿ ವೈಸ್ ಬಳಸುವಾಗ ನಾನು ಅಲುಗಾಡದ ದವಡೆಯ ಕಡೆಯ ಮೂಲೆಯನ್ನೇ ಝೀರೋ ಮಾಡಿಕೊಳ್ಳುತ್ತೇನೆ. ಕಚ್ಚಾ ತುಂಡು ಅರ್ಧ ಎಂಎಂ ದೊಡ್ಡದಿರಲಿ, ಚಿಕ್ಕದಿರಲಿ, ಆ ದವಡೆ ಇದ್ದಲ್ಲೇ ಇರುತ್ತದೆ. ರೌಟರ್‌ನಲ್ಲಿ (ಮರ ಕತ್ತರಿಸುವ ಸಿಎನ್‌ಸಿ ಮಷೀನ್) ಪ್ಲೈವುಡ್ ಪೂರ್ತಿ ಕತ್ತರಿಸುವಾಗ ಝೆಡ್ ಝೀರೋವನ್ನು, ಅಂದರೆ ಎತ್ತರದ ಝೀರೋವನ್ನು, ಹಲಗೆಯ ಮೇಲ್ಮೈಯಲ್ಲಿ ಇಡುವುದಿಲ್ಲ, ಕೆಳಗಿನ ಸ್ಪಾಯಿಲ್‌ಬೋರ್ಡ್ (ಟೇಬಲ್ ಕಾಪಾಡಲು ಹಾಕುವ ಹಲಗೆ) ಮೇಲೆ ಇಡುತ್ತೇನೆ. 18 ಎಂಎಂ ಅಂತ ಬರೆದಿರುವ ಪ್ಲೈವುಡ್ ಅಳೆದು ನೋಡಿದರೆ ಪೂರ್ತಿ 18 ಇರುವುದಿಲ್ಲ, ಒಂದೇ ಹಲಗೆಯ ಎರಡು ತುದಿಯಲ್ಲೂ ಬೇರೆ ಬೇರೆ ಅಳತೆ ಬರುತ್ತದೆ. ಮೇಲಿನಿಂದ ಲೆಕ್ಕ ಹಾಕಿದರೆ ಒಂದು ಕಡೆ ಕತ್ತರಿಸದೇ ಉಳಿಯುತ್ತದೆ, ಇನ್ನೊಂದು ಕಡೆ ಕೆಳಗಿನ ಬೋರ್ಡಿಗೆ ಗುಂಡಿ ಬೀಳುತ್ತದೆ. ಕೆಳಗಿನಿಂದ ಲೆಕ್ಕ ಹಾಕಿದರೆ ಬೋರ್ಡಿಗೆ 0.2 ಎಂಎಂ ಮಾತ್ರ ಇಳಿಯುವಂತೆ ಹೇಳಬಹುದು. ಆದರೆ ಅಕ್ಷರ ಕೆತ್ತುವುದು, ಹಿಂಜ್ ಕೂರಿಸುವ ಗುಂಡಿ ಇಂಥದ್ದಕ್ಕೆ ಆಳ ಮೇಲಿನಿಂದಲೇ ಮುಖ್ಯ. ಅಲ್ಲಿ ಝೀರೋ ಮೇಲೆಯೇ ಇರಬೇಕು.

ಇನ್ನು ಫೀಡ್ (ಟೂಲ್ ಮುಂದೆ ಸಾಗುವ ವೇಗ) ಮತ್ತು ಸ್ಪೀಡ್ (ಟೂಲ್ ತಿರುಗುವ ವೇಗ, ಆರ್‌ಪಿಎಂ). ನನಗೆ ಅತಿ ಜಾಸ್ತಿ ತಪ್ಪು ತಿಳಿವಳಿಕೆ ಇದ್ದದ್ದು ಇಲ್ಲೇ. ಭಯ ಆದರೆ ಫೀಡ್ ಕಡಿಮೆ ಮಾಡು ಅನ್ನುವುದು ನನ್ನ ನಿಯಮವಾಗಿತ್ತು. ಪ್ಲೈವುಡ್‌ಗೆ ಎರಡು ಅಲಗಿನ 6 ಎಂಎಂ ಬಿಟ್ ಹಾಕಿ, 18000 ಆರ್‌ಪಿಎಂ ಇಟ್ಟು, ಫೀಡ್ ನಿಮಿಷಕ್ಕೆ 800 ಎಂಎಂ ಕೊಟ್ಟೆ. ಮರ ಸುಟ್ಟ ವಾಸನೆ ಬಂತು, ಅಂಚು ಕಂದು ಬಣ್ಣಕ್ಕೆ ತಿರುಗಿತು. ಇನ್ನೂ ನಿಧಾನ ಮಾಡಿದೆ. ಇನ್ನೂ ಸುಟ್ಟಿತು.

ಲೆಕ್ಕ ಹಾಕಿದ ಮೇಲೆ ಕಾರಣ ತಿಳಿಯಿತು. ಫೀಡ್ ಅಂದರೆ ಆರ್‌ಪಿಎಂ ಗುಣಿಸು ಅಲಗುಗಳ ಸಂಖ್ಯೆ ಗುಣಿಸು ಒಂದೊಂದು ಅಲಗು ಕಚ್ಚುವ ದಪ್ಪ. 800ನ್ನು 36000ರಿಂದ ಭಾಗಿಸಿದರೆ ಒಂದು ಅಲಗಿಗೆ 0.022 ಎಂಎಂ ಬರುತ್ತದೆ. ಅಷ್ಟು ತೆಳ್ಳಗೆ ಕಚ್ಚಲು ಹೋದರೆ ಅಲಗು ಮರವನ್ನು ಕತ್ತರಿಸುವುದೇ ಇಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ. ಚಕ್ಕೆ ದಪ್ಪಗೆ ಬಂದರೆ ಬಿಸಿಯನ್ನು ಅದೇ ಹೊತ್ತುಕೊಂಡು ಹೊರಗೆ ಹೋಗುತ್ತದೆ. ಅಲಗಿಗೆ 0.1 ಎಂಎಂ ಅಂತ ಇಟ್ಟು ಫೀಡನ್ನು 3600ಕ್ಕೆ ಏರಿಸಿದೆ, ಸುಡುವುದು ನಿಂತಿತು. ಮಷೀನಿಗೆ ಅಷ್ಟು ವೇಗ ಆಗದಿದ್ದರೆ ಆರ್‌ಪಿಎಂ ಇಳಿಸಬೇಕು. ಈಗ ಸಾಫ್ಟ್‌ವೇರ್ ತೋರಿಸುವ ಸಂಖ್ಯೆಗಿಂತ ಮೊದಲು ನೆಲದ ಮೇಲೆ ಬಿದ್ದಿರುವುದನ್ನು ನೋಡುತ್ತೇನೆ. ಬೆರಳಲ್ಲಿ ಹಿಡಿಯಬಹುದಾದ ಚಕ್ಕೆ ಇದೆಯಾ, ಇಲ್ಲಾ ಹಿಟ್ಟಿನಂಥ ಹುಡಿ ಇದೆಯಾ? ಹುಡಿ ಇದ್ದರೆ ಏನೋ ಸರಿ ಇಲ್ಲ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮಾತ್ರ ಬೇರೆ, ಅದು ಹೇಗೆ ಕತ್ತರಿಸಿದರೂ ಹುಡಿಯೇ.

ಅಲ್ಯೂಮಿನಿಯಂ ಪಾಕೆಟ್‌ನಲ್ಲಿ ಇನ್ನೊಂದು ಪಾಠ ಕಾದಿತ್ತು. ಹಳೇ ರೀತಿಯ ಪಾಕೆಟ್ ಟೂಲ್‌ಪಾತ್ ಹಾಕಿದರೆ ನೇರ ದಾರಿಯಲ್ಲಿ ಸದ್ದು ಹದವಾಗಿರುತ್ತಿತ್ತು, ಪ್ರತಿ ಮೂಲೆಯಲ್ಲೂ ಕಿರುಚುತ್ತಿತ್ತು. ಟೂಲ್ ಅರ್ಧ ವ್ಯಾಸದಷ್ಟು ಅಗಲ ಕತ್ತರಿಸುತ್ತಾ ನೇರ ಹೋಗುವಾಗ ಅದರ ಸುತ್ತಳತೆಯ 90 ಡಿಗ್ರಿ ಲೋಹದೊಳಗೆ ಇರುತ್ತದೆ. ಒಳಮೂಲೆಗೆ ಬಂದ ಕೂಡಲೇ ಅದು 180 ಡಿಗ್ರಿ ಆಗುತ್ತದೆ. ಅಂದರೆ ಭಾರ ಒಮ್ಮೆಲೇ ಎರಡು ಪಟ್ಟು, ಅದೂ ಚಕ್ಕೆ ಹೊರಗೆ ಹೋಗಲು ಜಾಗ ಇಲ್ಲದ ಕಡೆ. ಅಡಾಪ್ಟಿವ್ ಟೂಲ್‌ಪಾತ್ ಮಾಡುವುದು ಇಷ್ಟೇ: ಈ ಕೋನ ಎಲ್ಲೂ ಏರದಂತೆ ದಾರಿಯನ್ನೇ ಬಾಗಿಸುತ್ತದೆ. ಮೂಲೆಯನ್ನು ಒಂದೇ ಸಲ ಕಚ್ಚದೆ ಸಣ್ಣ ಸಣ್ಣ ಸುತ್ತಿನಲ್ಲಿ ಸವೆಸುತ್ತದೆ. ಸ್ಕ್ರೀನ್ ಮೇಲೆ ಈ ದಾರಿ ಗೋಜಲಾಗಿ ಕಾಣುತ್ತದೆ, ಇದು ಬೇಗ ಮುಗಿಯುತ್ತದೆ ಅಂತ ನನಗೂ ನಂಬಿಕೆ ಬಂದಿರಲಿಲ್ಲ.

ಆದರೆ ಅಗಲ ಕಡಿಮೆ ಆದಾಗ ಆಳ ಜಾಸ್ತಿ ಕೊಡಬಹುದು. 6 ಎಂಎಂ ಟೂಲಿಗೆ ಪಕ್ಕದಿಂದ 0.6 ಎಂಎಂ, ಆಳ 12 ಎಂಎಂ. ಇಷ್ಟು ಕಡಿಮೆ ಅಗಲದಲ್ಲಿ ನಿಜವಾದ ಚಕ್ಕೆ ನಾವು ಲೆಕ್ಕ ಹಾಕಿದ್ದಕ್ಕಿಂತ ತೆಳ್ಳಗಾಗುತ್ತದೆ, ನೂರಕ್ಕೆ ಸುಮಾರು 60 ಭಾಗದಷ್ಟೇ ಉಳಿಯುತ್ತದೆ. ಹಾಗಾಗಿ ಮೂರು ಅಲಗು, 10000 ಆರ್‌ಪಿಎಂ, ಅಲಗಿಗೆ 0.04 ಅಂತ ಲೆಕ್ಕ ಹಾಕಿ ಬರುವ 1200ರ ಫೀಡನ್ನು ನಾನು 2000ದವರೆಗೆ ಏರಿಸುತ್ತೇನೆ. ಟೂಲಿನ ತುದಿಯ ಒಂದು ಎಂಎಂ ಮಾತ್ರ ಸವೆಯುವ ಬದಲು ಅಲಗಿನ ಪೂರ್ತಿ ಉದ್ದ ಕೆಲಸ ಮಾಡುತ್ತದೆ. ಇದನ್ನು ನೋಡಿದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಲೋಹದೊಳಗೆ ಇಳಿಯುವಾಗ ಸೀದಾ ಕೆಳಗೆ ಚುಚ್ಚಬೇಡಿ. ಸುತ್ತುತ್ತಾ ಇಳಿಯುವ ಹೆಲಿಕ್ಸ್ ಹಾಕಿ, ಇಳಿಜಾರು 2 ಡಿಗ್ರಿ ಆಸುಪಾಸು ಇರಲಿ. ಹೆಲಿಕ್ಸ್ ಮಾಡುವ ತೂತು ಟೂಲಿನ ವ್ಯಾಸದ ಎರಡು ಪಟ್ಟಿಗಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ನಡುವೆ ಒಂದು ಕಂಬ ಉಳಿಯುತ್ತದೆ.

ರೌಟರ್‌ನಲ್ಲಿ ಬಿಟ್ ಆಯ್ಕೆಯೇ ಅರ್ಧ ಪ್ರೋಗ್ರಾಂ. ಅಪ್‌ಕಟ್ ಬಿಟ್ ಹುಡಿಯನ್ನು ಮೇಲಕ್ಕೆ ಎಳೆದು ಹಾಕುತ್ತದೆ, ಜೊತೆಗೆ ಮೇಲಿನ ತೆಳ್ಳನೆಯ ಮರದ ಪದರವಾದ ವೆನೀರನ್ನೂ ಕಿತ್ತು ಹಾಕುತ್ತದೆ. ಡೌನ್‌ಕಟ್ ಮೇಲಂಚನ್ನು ಚೊಕ್ಕವಾಗಿ ಬಿಡುತ್ತದೆ, ಹುಡಿ ಕೆಳಗೇ ಸಿಕ್ಕಿಕೊಳ್ಳುತ್ತದೆ. ಕಂಪ್ರೆಶನ್ ಬಿಟ್‌ನಲ್ಲಿ ಎರಡೂ ಇವೆ: ತುದಿಯ ಭಾಗ ಅಪ್‌ಕಟ್, ಮೇಲಿನದು ಡೌನ್‌ಕಟ್. ಅದನ್ನು ತಂದು 3 ಎಂಎಂ, 3 ಎಂಎಂ ಅಂತ ಪದರ ಪದರವಾಗಿ ಇಳಿಸಿದರೆ ಮೇಲ್ಮೈಯಲ್ಲಿ ಕೆಲಸ ಮಾಡುವುದು ಅಪ್‌ಕಟ್ ಭಾಗವೇ. ಮೊದಲ ಪಾಸ್‌ನ (ಟೂಲಿನ ಒಂದು ಸಲದ ಓಟ) ಆಳ ಆ ಅಪ್‌ಕಟ್ ಭಾಗದ ಉದ್ದಕ್ಕಿಂತ ಜಾಸ್ತಿ ಇರಲೇಬೇಕು. ಕತ್ತರಿಸುವ ಕ್ರಮವನ್ನೂ ಸಾಫ್ಟ್‌ವೇರ್‌ಗೆ ಬಿಡುವುದಿಲ್ಲ. ಒಳಗಿನ ತೂತುಗಳು ಮೊದಲು, ಹೊರ ಅಂಚು ಕೊನೆಗೆ. ಹೊರ ಅಂಚು ಮೊದಲೇ ಬಿಟ್ಟುಕೊಂಡರೆ ಆ ತುಂಡನ್ನು ಹಿಡಿಯಲು ಏನೂ ಇರುವುದಿಲ್ಲ, ಅಲ್ವಾ? ಸಣ್ಣ ತುಂಡುಗಳಿಗೆ ಟ್ಯಾಬ್ (ತುಂಡನ್ನು ಹಲಗೆಗೆ ಹಿಡಿದಿಡಲು ಕತ್ತರಿಸದೆ ಬಿಡುವ ಸಣ್ಣ ಸೇತುವೆ) ಇಡುತ್ತೇನೆ, ಇಲ್ಲವೇ ಕೆಳಗೆ 0.5 ಎಂಎಂ ಪದರ ಬಿಟ್ಟು ಕೊನೆಯ ಪಾಸ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಡಿಸುತ್ತೇನೆ.

ಪೋಸ್ಟ್ ಪ್ರೊಸೆಸರ್ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಕ್ಯಾಮ್‌ನಲ್ಲಿ ದಾರಿ ಎಷ್ಟೇ ಸರಿ ಇರಲಿ, ಅದನ್ನು ನಿಮ್ಮ ಕಂಟ್ರೋಲರ್ ಭಾಷೆಗೆ ತಿರುಗಿಸುವುದು ಇದೇ. ಒಮ್ಮೆ ನನ್ನ ಪ್ರೋಗ್ರಾಂನಲ್ಲಿ ಸಣ್ಣ ದುಂಡು ಮೂಲೆಗಳೆಲ್ಲ ಕಂಟ್ರೋಲರ್ ಸ್ಕ್ರೀನ್ ಮೇಲೆ ಟೇಬಲ್‌ಗಿಂತ ದೊಡ್ಡ ವೃತ್ತಗಳಾಗಿ ಕಂಡವು. ಕಮಾನು ಕತ್ತರಿಸಲು ಹೇಳುವ ಜಿ02, ಜಿ03 ಸಾಲಿನಲ್ಲಿ ಬರುವ ಐ ಮತ್ತು ಜೆ ಅಂದರೆ ಕಮಾನಿನ ಕೇಂದ್ರ. ಪೋಸ್ಟ್ ಅದನ್ನು ಕಮಾನು ಶುರುವಾಗುವ ಬಿಂದುವಿನಿಂದ ಎಷ್ಟು ದೂರ ಅಂತ ಬರೆದಿತ್ತು, ಕಂಟ್ರೋಲರ್ ಅದನ್ನು ಝೀರೋದಿಂದ ಎಷ್ಟು ದೂರ ಅಂತ ಓದಿತ್ತು. ಒಂದು ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು. ಅದಾದ ಮೇಲೆ ಪ್ರತಿ ಫೈಲಿನ ಮೊದಲ ಇಪ್ಪತ್ತು ಸಾಲನ್ನು ಕಣ್ಣಲ್ಲಿ ಓದದೆ ನಾನು ಸ್ಟಾರ್ಟ್ ಒತ್ತುವುದಿಲ್ಲ. ಜಿ21 (ಅಳತೆ ಎಂಎಂನಲ್ಲಿ) ಇದೆಯಾ, ಜಿ90 (ಅಳತೆ ಝೀರೋದಿಂದ) ಇದೆಯಾ, ಜಿ54 (ಜಾಬಿನ ಝೀರೋ) ನಾನು ಮುಟ್ಟಿಸಿದ ಝೀರೋನಾ, ಟೂಲ್ ನಂಬರ್ ಸರಿಯಾ, ಟೂಲ್ ಹಿಡಿಯುವ ಸ್ಪಿಂಡಲ್ ತಿರುಗಲು ಶುರುವಾದ ಮೇಲೆಯೇ ಝೆಡ್ ಕೆಳಗೆ ಬರುತ್ತದಾ? ಈ ಐದು ನೋಡಲು ಒಂದು ನಿಮಿಷ ಸಾಕು.

ಅಳತೆಯ ವಿಷಯದಲ್ಲಿ ಒಂದು ಮಾತು. 20 ಎಂಎಂ ತೂತು ಮಿಲ್ ಮಾಡಿದರೆ 19.94 ಬರುತ್ತದೆ, ಆಗ ಮಾಡೆಲ್ ಬದಲಿಸಬೇಡಿ. ಕ್ಲೈಂಬ್ ಮಿಲ್ಲಿಂಗ್‌ನಲ್ಲಿ (ಅಲಗು ದಪ್ಪಗೆ ಕಚ್ಚಲು ಶುರು ಮಾಡಿ ತೆಳ್ಳಗೆ ಮುಗಿಸುವ ರೀತಿ) ಟೂಲ್ ಗೋಡೆಯಿಂದ ಸ್ವಲ್ಪ ಆಚೆಗೆ ಬಾಗುತ್ತದೆ, ಸವೆದ ಟೂಲ್ ಆದರೆ ವ್ಯಾಸವೂ ಕಡಿಮೆ ಇರುತ್ತದೆ. ಮೊದಲ ಒರಟು ಕತ್ತರಿಕೆಯಾದ ರಫಿಂಗ್‌ನಲ್ಲಿ ಗೋಡೆಗೆ 0.3 ಎಂಎಂ ಬಿಟ್ಟು, ಕೊನೆಯ ನಯವಾದ ಫಿನಿಶಿಂಗ್ ಪಾಸ್ ಓಡಿಸಿ, ಜಾಬನ್ನು ಬಿಚ್ಚದೆ ಅಲ್ಲೇ ಅಳೆಯುತ್ತೇನೆ. ಒಂದು ಬದಿಗೆ 0.03 ಕಡಿಮೆ ಇದ್ದರೆ ಅದೇ ಪಾಸ್‌ಗೆ ಸ್ಟಾಕ್ (ಗೋಡೆಗೆ ಬಿಡುವ ಪದರ) ಮೈನಸ್ 0.03 ಅಂತ ಕೊಟ್ಟು ಮತ್ತೆ ಓಡಿಸುತ್ತೇನೆ.

ಮೊದಲ ಸಲ ಓಡಿಸುವಾಗ ಈಗಲೂ ಒಂದು ಕೈ ಫೀಡ್ ಹೋಲ್ಡ್ (ಟೂಲಿನ ಓಟ ನಿಲ್ಲಿಸುವ ಬಟನ್) ಮೇಲೆಯೇ ಇರುತ್ತದೆ. ರ‍್ಯಾಪಿಡ್ 25 ಶೇಕಡಾ, ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವ ಸೆಟ್ಟಿಂಗ್) ಆನ್. ಟೂಲ್ ಜಾಬಿನಿಂದ ಬೆರಳಿನಷ್ಟು ಮೇಲೆ ಇದ್ದಾಗ ನಿಲ್ಲಿಸುತ್ತೇನೆ, ಸ್ಕ್ರೀನ್ ಮೇಲೆ ಇನ್ನೆಷ್ಟು ದೂರ ಇಳಿಯಬೇಕು ಅಂತ ತೋರಿಸುವ ಸಂಖ್ಯೆ ಓದುತ್ತೇನೆ, ಕಣ್ಣಿಗೆ ಕಾಣುವ ಅಂತರದ ಜೊತೆ ಹೋಲಿಸುತ್ತೇನೆ. ಸ್ಕ್ರೀನ್ 40 ಅಂತ ಹೇಳಿ ಕಣ್ಣಿಗೆ 15 ಕಂಡರೆ ರೀಸೆಟ್ ಒತ್ತಿ ಝೀರೋ ಮತ್ತೆ ಮುಟ್ಟಿಸುತ್ತೇನೆ. ಎರಡೂ ಹೊಂದಿದರೆ ಸೈಕಲ್ ಸ್ಟಾರ್ಟ್ ಒತ್ತಿ, ಮೊದಲ ಚಕ್ಕೆ ಹಾರುವವರೆಗೆ ಅಲ್ಲೇ ನಿಂತಿರುತ್ತೇನೆ.